ಬಿಸಿಲಲ್ಲಿ ಮಸುಕು, ಇರುಳಲ್ಲಿ ಉರಿ: ಫೋನಿನ ಪರದೆಯ ಬೆಳಕು, ಬಣ್ಣ ಹೊಂದಿಸುವ ಬಗೆ

ಪ್ರಶ್ನೆ: ನನಗೆ 44 ವರ್ಷ. ಬಳ್ಳಾರಿಯ ಕೌಲ್‌ಬಜಾರ್‌ನಲ್ಲಿ ಜೀನ್ಸ್ ಹೊಲಿಯುವ ಸಣ್ಣ ಘಟಕ ನಡೆಸುತ್ತೇನೆ. ಆರ್ಡರು, ಲೆಕ್ಕ, ಬಟ್ಟೆಯ ಶೇಡ್ ನೋಡುವುದು ಎಲ್ಲವೂ ಫೋನಿನಲ್ಲೇ. ಹಗಲು ಅಂಗಳದಲ್ಲಿ ನಿಂತು ಮಾಲು ಇಳಿಸಿಕೊಳ್ಳುವಾಗ ಸ್ಕ್ರೀನ್ ಕಾಣುವುದೇ ಇಲ್ಲ. ಹಾಗಾಗಿ ಬ್ರೈಟ್‌ನೆಸ್ ಪೂರ್ತಿ ಏರಿಸಿ ಹಾಗೆಯೇ ಬಿಟ್ಟಿದ್ದೇನೆ. ರಾತ್ರಿ ಲೆಕ್ಕ ನೋಡಲು ಕುಳಿತರೆ ಕಣ್ಣು ಉರಿಯುತ್ತದೆ, ಹಣೆ ಭಾರವಾಗುತ್ತದೆ. ಇದನ್ನು ನೋಡಿ ಮಗಳು ಸ್ಕ್ರೀನನ್ನು ಹಳದಿ ಬಣ್ಣಕ್ಕೆ ತಿರುಗಿಸಿ ಕೊಟ್ಟಳು. ಉರಿ ಅಷ್ಟೇನೂ ಕಡಿಮೆಯಾಗಲಿಲ್ಲ. ಆದರೆ ಪಾರ್ಟಿಯವರು ‘ಫೋಟೊದಲ್ಲಿ ಕಂಡ ನೀಲಿಯೇ ಬೇರೆ, ಬಂದ ಮಾಲಿನ ನೀಲಿಯೇ ಬೇರೆ’ ಎಂದು ತಕರಾರು ತೆಗೆಯುತ್ತಿದ್ದಾರೆ. ಕನ್ನಡಕದ ಅಂಗಡಿಯಲ್ಲಿ ನೀಲಿ ಬೆಳಕು ತಡೆಯುವ ಬ್ಲೂ ಕಟ್ ಗಾಜು ಹಾಕಿಸಿಕೊಳ್ಳಿ ಎಂದರು. ಬ್ರೈಟ್‌ನೆಸ್ ಎಷ್ಟಿರಬೇಕು, ಬಣ್ಣ ಹೇಗಿರಬೇಕು, ದಯವಿಟ್ಟು ತಿಳಿಸಿ.

ಉತ್ತರ: ಬೆಳಕಿನಿಂದ ಹುಟ್ಟಿದ ತೊಂದರೆಗೆ ನೀವು ಬಣ್ಣದ ಮದ್ದು ಹಾಕಿದ್ದೀರಿ. ಉರಿ ಇಳಿಯದಿರುವುದಕ್ಕೂ ಶೇಡಿನ ತಕರಾರಿಗೂ ಬಹುಮಟ್ಟಿಗೆ ಇದೇ ಕಾರಣ. ಕಣ್ಣು ಪರೀಕ್ಷೆ ಮಾಡಿ ಕನ್ನಡಕದ ನಂಬರು ಬರೆದುಕೊಡುವ ನನ್ನ ಕೆಲಸದಲ್ಲಿ ಈ ದೂರು ವಾರಕ್ಕೆ ಹಲವು ಬಾರಿ ಕೇಳಿಬರುತ್ತದೆ. ಬಂದವರಲ್ಲಿ ಹೆಚ್ಚಿನವರ ಫೋನನ್ನು ಕೈಗೆ ತೆಗೆದುಕೊಂಡು ನೋಡಿದರೆ ಬ್ರೈಟ್‌ನೆಸ್ ಪಟ್ಟಿ ತುತ್ತತುದಿಯಲ್ಲಿರುತ್ತದೆ, ಇಲ್ಲವೇ ತೀರ ಬುಡದಲ್ಲಿರುತ್ತದೆ. ಬ್ರೈಟ್‌ನೆಸ್ ಎಷ್ಟಿರಬೇಕು ಎಂಬ ನಿಮ್ಮ ಪ್ರಶ್ನೆಗೆ ಒಂದು ಅಂಕಿ ಹೇಳಿ ಮುಗಿಸಲು ಆಗುವುದಿಲ್ಲ. ಪರದೆಯ ಬೆಳಕು ಸುತ್ತಲಿನ ಬೆಳಕಿಗೆ ಹೊಂದಿಕೊಂಡಿರಬೇಕು, ಸುತ್ತಲಿನ ಬೆಳಕಾದರೋ ಗಳಿಗೆಗೊಂದು ರೀತಿ ಬದಲಾಗುತ್ತದೆ.

ಎಷ್ಟು ಬದಲಾಗುತ್ತದೆ ಎಂಬುದು ನಮ್ಮ ಅಂದಾಜಿಗೆ ಸುಲಭವಾಗಿ ಸಿಗುವಂಥದ್ದಲ್ಲ. ಒಂದು ಜಾಗದ ಮೇಲೆ ಬೀಳುವ ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ನೆತ್ತಿಯ ಮೇಲಿನ ಸೂರ್ಯನ ಬಿಸಿಲು ಸುಮಾರು 1,00,000 ಲಕ್ಸ್. ಚೆನ್ನಾಗಿ ಟ್ಯೂಬ್‌ಲೈಟ್ ಹಾಕಿದ ಹೊಲಿಗೆಯ ಮೇಜಿನ ಮೇಲೆ ಸುಮಾರು 500 ಲಕ್ಸ್. ರಾತ್ರಿ ಮನೆಯ ನಡುಮನೆಯಲ್ಲಿ ಒಂದೇ ಬಲ್ಬು ಉರಿಯುತ್ತಿದ್ದರೆ 100 ಲಕ್ಸ್ ಸಿಕ್ಕರೆ ಹೆಚ್ಚು. ಅಂಗಳದಿಂದ ನಡುಮನೆಗೆ ಬರುವಷ್ಟರಲ್ಲಿ ಬೆಳಕು ಸಾವಿರದಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಕಣ್ಣಿನ ಪಾಪೆ 2 ಮಿಲಿಮೀಟರಿನಿಂದ 8 ಮಿಲಿಮೀಟರಿನವರೆಗೆ ಹಿಗ್ಗಿ ಕುಗ್ಗುವುದರಿಂದಲೂ, ಅದಕ್ಕಿಂತ ಹೆಚ್ಚಾಗಿ ಅಕ್ಷಿಪಟಲವೇ ತನ್ನ ಸೂಕ್ಷ್ಮತೆಯನ್ನು ಏರಿಳಿಸಿಕೊಳ್ಳುವುದರಿಂದಲೂ ಈ ವ್ಯತ್ಯಾಸ ನಮಗೆ ಅಷ್ಟಾಗಿ ತಿಳಿಯುವುದಿಲ್ಲ. ನೀವು ಏರಿಸಿಟ್ಟ ಫೋನು ಮಾತ್ರ ಅಂಗಳದ ಬೆಳಕನ್ನೇ ನಡುಮನೆಗೂ ಹೊತ್ತು ತರುತ್ತದೆ.

ಪರದೆ ಹೊರಸೂಸುವ ಬೆಳಕಿನ ಮಾನ ನಿಟ್. ಸಾಧಾರಣ ಬೆಲೆಯ ಫೋನನ್ನು ಕೈಯಿಂದ ಪೂರ್ತಿ ಏರಿಸಿದರೆ ಸುಮಾರು 400ರಿಂದ 600 ನಿಟ್ ಬರುತ್ತದೆ. ಅದೇ ನಡುಮನೆಯ 100 ಲಕ್ಸ್ ಬೆಳಕಿನಲ್ಲಿ ಇಟ್ಟ ಬಿಳಿ ಹಾಳೆಯ ಹೊಳಪು ಲೆಕ್ಕಕ್ಕೆ ಸುಮಾರು 25 ನಿಟ್ ಆಗುತ್ತದೆ. ಅಂದರೆ ರಾತ್ರಿ ನೀವು ಲೆಕ್ಕ ನೋಡುವಾಗ ನಿಮ್ಮ ಕೈಯಲ್ಲಿರುವುದು ಪಕ್ಕದ ಖಾತೆ ಪುಸ್ತಕದ ಹಾಳೆಗಿಂತ ಇಪ್ಪತ್ತು ಪಟ್ಟು ಹೊಳೆಯುವ ಹಲಗೆ. ಕಣ್ಣು ಕೋಣೆಯ ಬೆಳಕಿಗೆ ಹೊಂದಿಕೊಳ್ಳಬೇಕೋ ಹಲಗೆಗೆ ಹೊಂದಿಕೊಳ್ಳಬೇಕೋ ಎಂಬ ಎಳೆದಾಟದಲ್ಲಿ ದಣಿಯುತ್ತದೆ. ಇದನ್ನು ಹಳದಿ ಮಾಡಿದರೆ ಇಪ್ಪತ್ತು ಪಟ್ಟು ಹೊಳೆಯುವ ಹಳದಿ ಹಲಗೆಯಾಗುತ್ತದೆ, ಅಷ್ಟೇ.

ಆದ್ದರಿಂದ ರಾತ್ರಿಯ ಹೊಂದಾಣಿಕೆಯನ್ನು ಹೀಗೆ ಮಾಡಿ. ನೀವು ದಿನವೂ ಕೂರುವ ಜಾಗದಲ್ಲಿಯೇ ಕುಳಿತು, ಒಂದು ಬರೆಯದ ಬಿಳಿ ಹಾಳೆಯನ್ನು ಫೋನಿನ ಪಕ್ಕಕ್ಕೆ ಅದೇ ಓರೆಯಲ್ಲಿ ಹಿಡಿಯಿರಿ. ಫೋನಿನಲ್ಲಿ ಬಿಳಿ ಹಿನ್ನೆಲೆಯ ಒಂದು ಪುಟ ತೆರೆದಿರಲಿ. ಪರದೆ ದೀಪದಂತೆ ಹೊಳೆದು ಹಾಳೆ ಬೂದು ಬಣ್ಣಕ್ಕೆ ತಿರುಗಿದಂತೆ ಕಂಡರೆ ಬ್ರೈಟ್‌ನೆಸ್ ಹೆಚ್ಚಾಗಿದೆ. ಹಾಳೆ ಬೆಳ್ಳಗಿದ್ದು ಪರದೆ ಮಾಸಿದಂತೆ ಕಂಡರೆ ಕಡಿಮೆಯಾಗಿದೆ. ಎರಡೂ ಹೆಚ್ಚುಕಡಿಮೆ ಒಂದೇ ಬೆಳಕಿನವು ಎನಿಸುವವರೆಗೆ ಪಟ್ಟಿಯನ್ನು ಎಳೆಯಿರಿ. ಪರದೆ ಹಾಳೆಗಿಂತ ಒಂದು ಚೂರು ಬೆಳ್ಳಗಿದ್ದರೆ ಅಡ್ಡಿಯಿಲ್ಲ. ಈ ಕೆಲಸಕ್ಕೆ ಯಾವ ಆ್ಯಪ್ ಕೂಡ ಬೇಡ, ಒಂದು ಹಾಳೆ ಸಾಕು. ಪಟ್ಟಿಯ ನಡುಭಾಗವೆಂದರೆ ಅರ್ಧ ಬೆಳಕು ಎಂದು ಭಾವಿಸಬೇಡಿ. ಕಣ್ಣು ಬೆಳಕನ್ನು ಕೂಡಿಸಿ ಅಳೆಯುವುದಿಲ್ಲ, ಪಟ್ಟುಗಳಲ್ಲಿ ಅಳೆಯುತ್ತದೆ. 2018ರಲ್ಲಿ ಬಂದ ಆಂಡ್ರಾಯ್ಡ್ 9ರಿಂದ ಈಚೆಗೆ ಈ ಪಟ್ಟಿಯನ್ನೂ ಕಣ್ಣಿನ ಆ ಸ್ವಭಾವಕ್ಕೆ ತಕ್ಕಂತೆ ರೂಪಿಸಿದ್ದಾರೆ. ಹಾಗಾಗಿ ಅಂಕಿ ನೋಡದೆ ಹಾಳೆಯನ್ನು ನೋಡಿಯೇ ನಿರ್ಧರಿಸಿ.

ಇಷ್ಟು ಹೇಳಿದ ಮೇಲೆ ಹಲವರು ಕತ್ತಲೆ ಕೋಣೆಯಲ್ಲಿ ಮಲಗಿ, ಬ್ರೈಟ್‌ನೆಸ್ಸನ್ನು ಬುಡಕ್ಕೆ ಇಳಿಸಿ, ಇದೇ ಕಣ್ಣಿಗೆ ಹಿತ ಎಂದುಕೊಳ್ಳುತ್ತಾರೆ. ನಲವತ್ತು ದಾಟಿದವರಿಗೆ ನಾನು ಇದನ್ನು ಖಂಡಿತ ಬೇಡ ಎನ್ನುತ್ತೇನೆ. ಬೆಳಕು ಕಡಿಮೆಯಾದಂತೆ ಪಾಪೆ ಹಿಗ್ಗುತ್ತದೆ. ಹಿಗ್ಗಿದ ಪಾಪೆಯಲ್ಲಿ ನೋಟದ ಆಳ, ಅಂದರೆ ಒಂದೇ ಸಲಕ್ಕೆ ಸ್ಪಷ್ಟವಾಗಿ ಕಾಣುವ ದೂರದ ವ್ಯಾಪ್ತಿ, ಕಡಿಮೆಯಾಗಿ, ಸಣ್ಣ ಅಕ್ಷರಗಳ ಅಂಚು ಹರಡಿದಂತೆ ಕಾಣುತ್ತದೆ. ಚಾಳೀಸು ಆರಂಭವಾದವರು ಮಬ್ಬಿನಲ್ಲಿ ಪತ್ರಿಕೆ ಓದಲಾಗದೆ ಬಾಗಿಲ ಬೆಳಕಿಗೆ ಹೋಗಿ ನಿಲ್ಲುವುದು ಇದರಿಂದಲೇ. ಕತ್ತಲಲ್ಲಿ ಫೋನನ್ನು ಇಳಿಸುವುದಕ್ಕಿಂತ ಕೋಣೆಯ ಒಂದು ದೀಪ ಹಾಕಿಕೊಳ್ಳುವುದು ಎಷ್ಟೋ ಒಳ್ಳೆಯದು. ದೀಪ ನಿಮ್ಮ ಹಿಂದೆಯೋ ಪಕ್ಕದಲ್ಲೋ ಇರಲಿ, ಪರದೆಯಲ್ಲಿ ಅದರ ಬಿಂಬ ಬೀಳದಿರಲಿ. ಮನೆಯವರೆಲ್ಲ ಮಲಗಿ ದೀಪ ಹಾಕಲು ಸಾಧ್ಯವೇ ಇಲ್ಲದ ಹೊತ್ತಿಗೆ ಮಾತ್ರ, ಪರದೆಯನ್ನು ಪಟ್ಟಿಯ ಬುಡಕ್ಕಿಂತಲೂ ಮಂದಗೊಳಿಸುವ ‘ಎಕ್ಸ್‌ಟ್ರಾ ಡಿಮ್’ ಬಳಸಿ. ಆಂಡ್ರಾಯ್ಡ್ 12ರಿಂದ ಈಚಿನ ಹೆಚ್ಚಿನ ಫೋನುಗಳಲ್ಲಿ ಅದು ಸಿಗುತ್ತದೆ. ಐಫೋನಿನಲ್ಲಿ ಅದೇ ಕೆಲಸಕ್ಕೆ ‘ರೆಡ್ಯೂಸ್ ವೈಟ್ ಪಾಯಿಂಟ್’ ಇದೆ.

ಬ್ರೈಟ್‌ನೆಸ್ ತೀರ ಇಳಿಸುವುದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಈಗಿನ ಅಮೋಲೆಡ್ ಪರದೆಗಳಲ್ಲಿ ಪ್ರತಿ ಚುಕ್ಕೆಯೂ ತಾನೇ ಉರಿಯುತ್ತದೆ. ಬೆಳಕು ಕಡಿಮೆ ಮಾಡಬೇಕಾದಾಗ ಅನೇಕ ಫೋನುಗಳು ಆ ಚುಕ್ಕೆಗಳನ್ನು ನಂದಾದೀಪದಂತೆ ಸಣ್ಣಗೆ ಉರಿಸುವುದಿಲ್ಲ. ಸೆಕೆಂಡಿಗೆ ನೂರಾರು ಬಾರಿ ಹಚ್ಚಿ ಆರಿಸುತ್ತವೆ, ಆರಿರುವ ಹೊತ್ತು ಹೆಚ್ಚಾದಷ್ಟೂ ನಮಗೆ ಬೆಳಕು ಕಡಿಮೆ ಎನಿಸುತ್ತದೆ. ಈ ಮಿಣುಕು ಬರಿಗಣ್ಣಿಗೆ ತಿಳಿಯುವುದಿಲ್ಲವಾದರೂ ಕೆಲವರಿಗೆ ತಲೆನೋವು ತರುತ್ತದೆ. ಪರೀಕ್ಷಿಸಬೇಕೆಂದರೆ ನಿಮ್ಮ ಫೋನಿನ ಬ್ರೈಟ್‌ನೆಸ್ ಕೆಳಗಿಳಿಸಿ, ಇನ್ನೊಂದು ಫೋನಿನ ಕ್ಯಾಮೆರಾದಲ್ಲಿ ಪ್ರೊ ಮೋಡ್ ತೆರೆದು, ಶಟರ್ ವೇಗವನ್ನು 1/2000ಕ್ಕೆ ಇಟ್ಟು ನೋಡಿ. ದಪ್ಪನೆಯ ಕಪ್ಪು ಪಟ್ಟೆಗಳು ಎದ್ದು ಕಂಡರೆ ಅದೇ ಈ ಮಿಣುಕು. ನಿಮಗೆ ಮಂದ ಬೆಳಕಿನಲ್ಲಿ ಮಾತ್ರ ತಲೆ ನೋಯುತ್ತಿದ್ದು, ಪಟ್ಟೆಗಳೂ ಕಂಡರೆ, ಬ್ರೈಟ್‌ನೆಸ್ಸನ್ನು ನಡುಮಟ್ಟದಲ್ಲಿಟ್ಟು ಕೋಣೆಗೆ ಹೆಚ್ಚು ಬೆಳಕು ಕೊಡಿ. ಕೆಲವು ಫೋನುಗಳ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಮಿಣುಕು ತಗ್ಗಿಸುವ ಆಯ್ಕೆಯೂ ಇರುತ್ತದೆ, ಇದ್ದರೆ ಅದನ್ನು ಆನ್ ಮಾಡಿಕೊಳ್ಳಿ.

ಇನ್ನು ಅಂಗಳದ ಬಿಸಿಲು. ಇಲ್ಲಿ ತೊಂದರೆ ಕೊಡುತ್ತಿರುವುದು ನಿಮ್ಮ ಪರದೆಯ ಬೆಳಕು ಸಾಲದ್ದಷ್ಟೇ ಅಲ್ಲ, ಅದರ ಮೇಲೆ ಬೀಳುವ ಬಿಂಬ ಕೂಡ. ಗಾಜು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲಿನಷ್ಟನ್ನು ಕನ್ನಡಿಯಂತೆ ಹಿಂದಿರುಗಿಸುತ್ತದೆ. ನಾಲ್ಕೇ ಪಾಲಲ್ಲವೇ ಎನಿಸಬಹುದು. ಬಿಸಿಲಿನಲ್ಲಿ ಬಿಳಿ ಅಂಗಿ ತೊಟ್ಟು ನಿಂತವರ ಅಂಗಿಯ ಹೊಳಪು ಸುಮಾರು 25,000 ನಿಟ್; ಅದರಲ್ಲಿ ನೂರಕ್ಕೆ ನಾಲ್ಕು ಎಂದರೆ 1,000 ನಿಟ್. ನಿಮ್ಮ ಫೋನು ಪೂರ್ತಿ ಏರಿಸಿದರೂ ಕೊಡುವುದು 500. ಎದೆಯ ಮಟ್ಟದಲ್ಲಿ ಹಿಡಿದ ಫೋನಿನಲ್ಲಿ ನಿಮ್ಮ ಅಂಗಿಯೇ ಪರದೆಯ ಬಿಳುಪಿಗಿಂತ ಎರಡು ಪಟ್ಟು ಬೆಳ್ಳಗೆ ಕೂತಿರುತ್ತದೆ, ಕಪ್ಪಗಿರಬೇಕಾದ ಅಕ್ಷರವೂ ಆ ಬಿಳುಪಿನಲ್ಲಿ ತೇಲುತ್ತದೆ. ನಮ್ಮ ಭಾಗದಲ್ಲಿ ಬಿಳಿ ಅಂಗಿ, ಬಿಳಿ ಪಂಚೆ ಉಡುವವರೇ ಹೆಚ್ಚಾದ್ದರಿಂದ ನಾನು ಇದನ್ನು ಬಿಡಿಸಿ ಹೇಳುತ್ತಿದ್ದೇನೆ. ಫೋನನ್ನು ಸ್ವಲ್ಪ ಓರೆ ಮಾಡಿ, ಅದರಲ್ಲಿ ಆಕಾಶವಾಗಲಿ ಅಂಗಿಯಾಗಲಿ ಬಿಂಬಿಸದೆ, ಶೆಡ್ಡಿನ ಒಳಗಿನ ಕತ್ತಲೆಯೋ ಬೇವಿನ ಮರದ ನೆರಳೋ ಬಿಂಬಿಸುವಂತೆ ತಿರುಗಿ ನಿಂತರೆ, ಬ್ರೈಟ್‌ನೆಸ್ ಮುಟ್ಟದೆಯೇ ಅಕ್ಷರಗಳು ಕಪ್ಪಾಗಿ ಎದ್ದು ಬರುತ್ತವೆ. ಒಮ್ಮೆ ಮಾಡಿ ನೋಡಿ. ಸೂರ್ಯನಿಗೆ ಬೆನ್ನು ಹಾಕಿ ಮೈ ನೆರಳನ್ನು ಫೋನಿನ ಮೇಲೆ ಬೀಳಿಸಿಕೊಂಡರೆ ಅಂಗಿಯ ಮೇಲಿನ ಬಿಸಿಲೂ ತಪ್ಪುತ್ತದೆ.

ಬಿಸಿಲಿಗಾಗಿ ಕೈಯಿಂದ ಏರಿಸುವುದರ ಬದಲು ಆಟೊ ಬ್ರೈಟ್‌ನೆಸ್ ಆನ್ ಮಾಡಿಡಿ. ಇದನ್ನು ಹೇಳಿದಾಗ ಬಹಳ ಜನ ಮುಖ ಸಿಂಡರಿಸುತ್ತಾರೆ, ‘ಅದು ತನ್ನಷ್ಟಕ್ಕೆ ಏರಿಳಿಯುತ್ತದೆ ಸರ್, ಸರಿ ಬರುವುದಿಲ್ಲ’ ಎನ್ನುತ್ತಾರೆ. ಆದರೆ ಅನೇಕ ಫೋನುಗಳು ತಮ್ಮ ಅತಿ ಹೆಚ್ಚಿನ ಬೆಳಕನ್ನು, ಅಂದರೆ 800, 1,000 ನಿಟ್ ಅಥವಾ ಇನ್ನೂ ಮೇಲಿನದನ್ನು, ಆಟೊ ಆನ್ ಇದ್ದು ಎದುರಿಗೆ ಸುಡುಬಿಸಿಲು ಇದೆ ಎಂದು ಸೆನ್ಸರ್ ಹೇಳಿದಾಗ ಮಾತ್ರ ಹೊರತೆಗೆಯುತ್ತವೆ. ಕೈಯಿಂದ ಪಟ್ಟಿ ತುದಿಗೆ ಎಳೆದವರಿಗೆ ಆ ಬೆಳಕು ಸಿಗುವುದೇ ಇಲ್ಲ. ಆಟೊ ಹಾಕಿದ ಮೊದಲ ವಾರ ಅದು ಕೊಟ್ಟ ಬೆಳಕು ನಿಮಗೆ ಒಗ್ಗದಿದ್ದರೆ ಆಟೊ ಆಫ್ ಮಾಡಬೇಡಿ. ಅದು ಆನ್ ಇರುವಾಗಲೇ ಪಟ್ಟಿಯನ್ನು ನಿಮಗೆ ಬೇಕಾದಲ್ಲಿಗೆ ಎಳೆಯಿರಿ. ಇಂಥ ಬೆಳಕಿನಲ್ಲಿ ಇವರಿಗೆ ಇಷ್ಟು ಬೇಕು ಎಂದು ಈಚಿನ ಆಂಡ್ರಾಯ್ಡ್ ಫೋನು ನೆನಪಿಟ್ಟುಕೊಳ್ಳುತ್ತದೆ. ಅಂಗಳದಲ್ಲಿ, ಹೊಲಿಗೆ ಮೇಜಿನ ಬಳಿ, ರಾತ್ರಿ ನಡುಮನೆಯಲ್ಲಿ ಹೀಗೆ ಕೆಲವು ದಿನ ತಿದ್ದಿದರೆ ಆಮೇಲೆ ಕೈ ಹಾಕುವ ಪ್ರಸಂಗ ಕಡಿಮೆ.

ಆಟೊ ಸರಿಯಾಗಿ ಕೆಲಸ ಮಾಡದಿದ್ದರೆ ಸೆನ್ಸರ್ ಮೇಲೊಮ್ಮೆ ಕಣ್ಣು ಹಾಯಿಸಿ. ಹೆಚ್ಚಿನ ಫೋನುಗಳಲ್ಲಿ ಅದು ಪರದೆಯ ಮೇಲಂಚಿನಲ್ಲಿ, ಸೆಲ್ಫಿ ಕ್ಯಾಮೆರಾದ ಆಸುಪಾಸಿನಲ್ಲಿರುತ್ತದೆ. ಜೀನ್ಸ್ ಕತ್ತರಿಸುವ ಕಡೆ ಗಾಳಿಯಲ್ಲಿ ನೀಲಿ ನೂಲಿನ ನಾರು ಸದಾ ಹಾರಾಡುತ್ತಿರುತ್ತದೆ. ಅದು ಟೆಂಪರ್ ಗ್ಲಾಸಿನ ಅಂಚಿನ ಅಂಟಿಗೆ ಹತ್ತಿ ಸೆನ್ಸರಿನ ಮೇಲೆ ಒಂದು ತೆಳು ಪರದೆ ಕಟ್ಟಿದರೆ ಫೋನು ನಡುಹಗಲನ್ನೂ ಸಂಜೆ ಎಂದು ತಿಳಿಯುತ್ತದೆ. ಗ್ಲಾಸು ಹಳೆಯದಾಗಿ ಅಂಚು ಎದ್ದಿದ್ದರೆ ಬದಲಾಯಿಸಿ. ಪಕ್ಕದವರಿಗೆ ಕಾಣದಿರಲೆಂದು ಹಾಕಿಸುವ ಪ್ರೈವೆಸಿ ಗ್ಲಾಸು ನಿಮ್ಮ ಕೆಲಸಕ್ಕೆ ಬೇಡವೇ ಬೇಡ. ಅದು ನೇರ ನೋಡಿದಾಗಲೂ ಬೆಳಕನ್ನು ಗಣನೀಯವಾಗಿ ತಿನ್ನುತ್ತದೆ, ಓರೆಯಾಗಿ ನೋಡಿದರೆ ಬಣ್ಣವೂ ತಪ್ಪು ಕಾಣುತ್ತದೆ.

ಬೇಸಿಗೆಯ ಒಂದು ವಿಷಯವನ್ನೂ ಹೇಳಬೇಕು. ಸಿರುಗುಪ್ಪ ಕಡೆಯ ಭತ್ತದ ಬೆಳೆಗಾರರೊಬ್ಬರು ಮೇ ತಿಂಗಳಲ್ಲಿ ನನ್ನ ಬಳಿ ಬಂದಿದ್ದರು. ಮಧ್ಯಾಹ್ನವಾದರೆ ಕಣ್ಣು ಮಂಜಾಗುತ್ತದೆ, ಫೋನು ಕಾಣುವುದಿಲ್ಲ, ಸಂಜೆಗೆ ಸರಿಹೋಗುತ್ತದೆ ಎಂದು ಅವರ ದೂರು. ಕಣ್ಣು ಪರೀಕ್ಷಿಸಿದರೆ ನೋಟ ಚೆನ್ನಾಗಿಯೇ ಇತ್ತು. ಮಾತಾಡುತ್ತ ಹೋದಂತೆ ತಿಳಿದದ್ದು, ಅವರು ಫೋನನ್ನು ಮೋಟರ್‌ಸೈಕಲ್ಲಿನ ಹ್ಯಾಂಡಲ್‌ಗೆ ಸಿಕ್ಕಿಸಿಕೊಂಡು ಗದ್ದೆಯಿಂದ ಗದ್ದೆಗೆ ಓಡಾಡುತ್ತಿದ್ದರು. ಬಿಸಿಲಿಗೆ ಕಾದ ಫೋನು ತನ್ನನ್ನು ಉಳಿಸಿಕೊಳ್ಳಲು ಪರದೆಯ ಬೆಳಕನ್ನು ತಾನಾಗಿಯೇ ತಗ್ಗಿಸುತ್ತಿತ್ತು, ಪಟ್ಟಿ ತುದಿಯಲ್ಲಿದ್ದರೂ ಬೆಳಕು ಏರುತ್ತಿರಲಿಲ್ಲ. ಆ್ಯಪಲ್ ಕಂಪನಿ ತನ್ನ ಐಫೋನನ್ನು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ವಾತಾವರಣದಲ್ಲಿ ಬಳಸಿ ಎನ್ನುತ್ತದೆ. ಬಳ್ಳಾರಿ, ರಾಯಚೂರುಗಳಲ್ಲಿ ಬೇಸಿಗೆಯ ಮಧ್ಯಾಹ್ನ 40 ದಾಟುವುದು ಹೊಸದಲ್ಲ. ಫೋನನ್ನು ಚೀಲದೊಳಗೆ ನೆರಳಿನಲ್ಲಿಟ್ಟುಕೊಂಡು, ಬೇಕಾದಾಗ ಮಾತ್ರ ತೆಗೆಯಿರಿ ಎಂದು ಹೇಳಿ ಕಳಿಸಿದೆ, ಕನ್ನಡಕ ಬರೆದುಕೊಡಲಿಲ್ಲ. ನಿಮ್ಮ ಅಂಗಳದಲ್ಲೂ ಮಾಲಿನ ಮೂಟೆಯ ಮೇಲೆ ಬಿಸಿಲಿಗೆ ಫೋನು ಇಡುವ ಅಭ್ಯಾಸವಿದ್ದರೆ ಬಿಡಿ. ಪೋಲರೈಸ್ಡ್ ತಂಪು ಕನ್ನಡಕ ಹಾಕುವವರಾದರೆ ಮತ್ತೊಂದು ಸಂಗತಿ: ಅದರ ಮೂಲಕ ಫೋನನ್ನು ಒಂದು ದಿಕ್ಕಿನಲ್ಲಿ ಹಿಡಿದರೆ ಕಾಣುತ್ತದೆ, ಅಡ್ಡ ತಿರುಗಿಸಿದರೆ ಕಪ್ಪಾಗಬಹುದು. ಅದು ಫೋನಿನ ದೋಷವೂ ಅಲ್ಲ, ಕಣ್ಣಿನದೂ ಅಲ್ಲ.

ಈಗ ಬಣ್ಣದ ಮಾತಿಗೆ ಬರುತ್ತೇನೆ. ನಿಮ್ಮ ಮಗಳು ಆನ್ ಮಾಡಿಕೊಟ್ಟದ್ದು ನೈಟ್ ಲೈಟ್ ಎಂಬ ಸೌಲಭ್ಯ. ಸ್ಯಾಮ್‌ಸಂಗ್‌ನಲ್ಲಿ ಇದನ್ನು ಐ ಕಂಫರ್ಟ್ ಶೀಲ್ಡ್ ಎಂದೂ, ಶಿಯೋಮಿಯಲ್ಲಿ ರೀಡಿಂಗ್ ಮೋಡ್ ಎಂದೂ, ಐಫೋನಿನಲ್ಲಿ ನೈಟ್ ಶಿಫ್ಟ್ ಎಂದೂ ಕರೆಯುತ್ತಾರೆ. ಪರದೆಯ ಬಿಳಿ ಬಣ್ಣದಲ್ಲಿ ನೀಲಿಯ ಪಾಲು ತಗ್ಗಿಸಿ, ನಡುಹಗಲಿನ ಬೆಳಕಿನಂಥ 6,500 ಕೆಲ್ವಿನ್ (ಬೆಳಕಿನ ಬಣ್ಣದ ಮಾನ) ಬಿಳುಪನ್ನು ಹಳೆಯ ತಂತಿ ಬಲ್ಬಿನ 2,700 ಕೆಲ್ವಿನ್ ಹಳದಿಯ ಕಡೆಗೆ ಸರಿಸುವುದು ಇದರ ಕೆಲಸ. ಇದರ ಬೆನ್ನಿಗಿರುವ ವಿಜ್ಞಾನ ನಿಜವಾದದ್ದೇ: ಕಣ್ಣಿನ ಹಿಂಭಾಗದಲ್ಲಿ, ಸುಮಾರು 480 ನ್ಯಾನೊಮೀಟರ್‌ನ ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸಿ ಹಗಲೋ ಇರುಳೋ ಎಂದು ಮೆದುಳಿಗೆ ತಿಳಿಸುವ ಕೋಶಗಳಿವೆ. ಆದರೆ ಅದು ನಿದ್ದೆಗೆ ಸಂಬಂಧಿಸಿದ ಮಾತು, ಕಣ್ಣುರಿಗೆ ಸಂಬಂಧಿಸಿದ್ದಲ್ಲ. ಪರದೆಯ ನೀಲಿ ಬೆಳಕು ಕಣ್ಣನ್ನು ಕೆಡಿಸುತ್ತದೆ ಎಂಬುದಕ್ಕೆ ಆಧಾರವಿಲ್ಲವೆಂದು ಅಮೆರಿಕದ ನೇತ್ರ ವೈದ್ಯರ ಅಕಾಡೆಮಿ ಸ್ಪಷ್ಟವಾಗಿ ಹೇಳಿದೆ. ಬ್ಲೂ ಕಟ್ ಗಾಜಿನ ಬಗ್ಗೆ 2023ರಲ್ಲಿ ಪ್ರಕಟವಾದ, ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಕೊಕ್ರೇನ್ ಸಂಸ್ಥೆಯ ಸಮೀಕ್ಷೆ 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ, ಪರದೆ ನೋಡುವುದರಿಂದಾಗುವ ಕಣ್ಣಿನ ದಣಿವನ್ನು ಸಾಮಾನ್ಯ ಗಾಜಿಗಿಂತ ಅದು ಹೆಚ್ಚೇನೂ ಕಡಿಮೆ ಮಾಡಲಾರದು ಎಂಬ ಅಭಿಪ್ರಾಯಕ್ಕೆ ಬಂದಿತು. ಅಂಗಡಿಯವರು ಹೇಳಿದ ಆ ಗಾಜಿಗೆ ಹೆಚ್ಚುವರಿ ಹಣ ಕೊಡಬೇಡಿ ಎಂಬುದೇ ನನ್ನ ಸಲಹೆ. ಅದೂ ಅಲ್ಲದೆ ಆ ಗಾಜುಗಳಲ್ಲಿ ಹಲವು ತುಸು ಹಳದಿ ಛಾಯೆಯವು; ಇಡೀ ದಿನ ನೀಲಿಯ ನೂರು ಶೇಡುಗಳ ನಡುವೆ ಬದುಕುವ ನಿಮ್ಮಂಥವರಿಗೆ ಅದು ಉಪಕಾರಕ್ಕಿಂತ ತೊಡಕು.

ನೈಟ್ ಲೈಟನ್ನು ಪೂರ್ತಿ ಬಿಡಿ ಎನ್ನುತ್ತಿಲ್ಲ. ಮನೆಯ ಬಲ್ಬು ಹಳದಿಯದಾಗಿದ್ದರೆ ಅದರ ನಡುವೆ ನೀಲಿಬಿಳುಪಿನ ಪರದೆ ಒರಟಾಗಿ ಕಾಣುವುದು ಸಹಜ, ಅಲ್ಲಿ ಸ್ವಲ್ಪ ಹಳದಿ ಹಿತವೆನಿಸುತ್ತದೆ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮಾತ್ರ ತಾನಾಗಿ ಆನ್ ಆಗುವಂತೆ ವೇಳೆ ಗೊತ್ತುಮಾಡಿ, ತೀವ್ರತೆಯ ಪಟ್ಟಿಯನ್ನು ಮೂರರಲ್ಲಿ ಒಂದು ಪಾಲಿನ ಆಸುಪಾಸಿನಲ್ಲಿಡಿ. ಹಗಲು ಕೆಲಸದ ವೇಳೆಯಲ್ಲಿ ಅದು ಆಫ್ ಇರಲೇಬೇಕು.

ಏಕೆಂದರೆ ನಿಮ್ಮ ಶೇಡಿನ ತಕರಾರಿನ ಒಂದು ಎಳೆ ಇಲ್ಲಿದೆ. ನೈಟ್ ಲೈಟ್ ನಿಮ್ಮ ಪರದೆಗೆ ಮಾತ್ರ ಬಣ್ಣ ಹಚ್ಚುತ್ತದೆ. ನೀವು ತೆಗೆದು ಕಳಿಸಿದ ಫೋಟೊದೊಳಗೆ ಆ ಹಳದಿ ಸೇರುವುದಿಲ್ಲ. ಆದರೆ ನಾಲ್ಕು ಫೋಟೊಗಳಲ್ಲಿ ಬಟ್ಟೆಗೆ ಹತ್ತಿರವಾದದ್ದು ಯಾವುದು ಎಂದು ನೀವು ಆರಿಸಿದ್ದು, ಸ್ವಲ್ಪ ತಿದ್ದಿದ್ದರೆ ಆ ತಿದ್ದುಪಡಿ ಮಾಡಿದ್ದು, ಪಾರ್ಟಿಯವರು ಕಳಿಸಿದ ಸ್ಯಾಂಪಲ್ಲಿನ ಫೋಟೊ ನೋಡಿ ಥಾನು ಎತ್ತಿಕೊಂಡದ್ದು ಎಲ್ಲವೂ ಹಳದಿ ಪರದೆಯನ್ನು ನೋಡಿಯೇ. ನೀಲಿಗೆ ಹಳದಿ ಬೆರೆತರೆ ಅದು ಮಾಸಿ, ಹಸಿರಿಗೋ ಬೂದಿಗೋ ವಾಲುತ್ತದೆ. ಪರದೆಯಲ್ಲಿ ಮಾಸಿದಂತೆ ಕಂಡದ್ದನ್ನು ಸರಿಪಡಿಸಲು ನೀವು ಹೆಚ್ಚು ನೀಲಿಯ ಫೋಟೊ ಆರಿಸಿದ್ದರೆ, ಅತ್ತಲಿನವರಿಗೆ ಅದು ಗಾಢ ನೀಲಿಯಾಗಿ ಕಂಡಿರುತ್ತದೆ.

ಎರಡನೆಯ ಎಳೆ ಫೋನಿನ ಬಣ್ಣದ ಮೋಡ್. ಅಂಗಡಿಯಲ್ಲಿ ಕಣ್ಸೆಳೆಯಬೇಕೆಂದು ಅಮೋಲೆಡ್ ಫೋನುಗಳನ್ನು ಸಾಮಾನ್ಯವಾಗಿ ‘ವಿವಿಡ್’ ಮೋಡಿನಲ್ಲಿಟ್ಟೇ ಕಳಿಸುತ್ತಾರೆ. ಅದರಲ್ಲಿ ಕೆಂಪು ಹೆಚ್ಚು ಕೆಂಪು, ನೀಲಿ ಹೆಚ್ಚು ನೀಲಿ. ಸಿನಿಮಾ ನೋಡಲು ಚಂದ, ಬಟ್ಟೆ ನೋಡಲು ಅಲ್ಲ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಸ್ಕ್ರೀನ್ ಮೋಡ್, ಕಲರ್ ಸ್ಕೀಮ್ ಅಥವಾ ಕಲರ್ಸ್ ಎಂಬ ಹೆಸರಿನಲ್ಲಿರುವ ಆಯ್ಕೆಗೆ ಹೋಗಿ ‘ನ್ಯಾಚುರಲ್’ ಎಂಬುದನ್ನೋ, ನಿಮ್ಮ ಫೋನಿನಲ್ಲಿ ಅದಕ್ಕೆ ‘ಸ್ಟ್ಯಾಂಡರ್ಡ್’ ಎಂಬ ಹೆಸರಿದ್ದರೆ ಅದನ್ನೋ ಆರಿಸಿ. ಆಗ ಪರದೆ ಎಸ್‌ಆರ್‌ಜಿಬಿ ಎಂಬ, 1996ರಿಂದ ಕಂಪ್ಯೂಟರುಗಳಲ್ಲಿ ಬಳಕೆಯಲ್ಲಿರುವ ಬಣ್ಣದ ಅಳತೆಗೋಲಿಗೆ ಹತ್ತಿರ ಬರುತ್ತದೆ. ಮೊದಲ ಎರಡು ದಿನ ಎಲ್ಲವೂ ಸಪ್ಪೆಯಾಗಿ ಕಾಣುತ್ತದೆ, ತಾಳ್ಮೆಯಿಂದ ಬಿಡಿ, ಕಣ್ಣು ಹೊಂದಿಕೊಳ್ಳುತ್ತದೆ. ಐಫೋನ್ ಇಟ್ಟುಕೊಂಡವರು ಶೇಡ್ ನೋಡುವ ಹೊತ್ತಿಗೆ ಟ್ರೂ ಟೋನ್ ಆಫ್ ಮಾಡಬೇಕು, ಅದು ಕೋಣೆಯ ಬೆಳಕಿಗೆ ತಕ್ಕಂತೆ ಪರದೆಯ ಬಿಳುಪನ್ನು ಬದಲಾಯಿಸುತ್ತಿರುತ್ತದೆ.

ಆದರೂ ತಕರಾರಿನ ದೊಡ್ಡ ಎಳೆ ಪರದೆಯಲ್ಲಿಲ್ಲ, ಕ್ಯಾಮೆರಾದಲ್ಲಿದೆ. ನೀವು ಡೆನಿಮ್ ಬಟ್ಟೆಯನ್ನೇ ಚೌಕಟ್ಟು ತುಂಬ ಹಿಡಿದು ಫೋಟೊ ತೆಗೆದರೆ, ಎಲ್ಲೆಲ್ಲೂ ನೀಲಿ ಕಂಡ ಕ್ಯಾಮೆರಾ ‘ಇಲ್ಲಿನ ಬೆಳಕೇ ನೀಲಿಯಾಗಿದೆ’ ಎಂದು ತಪ್ಪು ತಿಳಿದು ಅದನ್ನು ತಗ್ಗಿಸಿಬಿಡುತ್ತದೆ. ಬಟ್ಟೆಯ ಒಂದು ಅಂಚಿಗೆ ಬಿಳಿ ಹಾಳೆ ಇಟ್ಟು, ಎರಡೂ ಚೌಕಟ್ಟಿನೊಳಗೆ ಬರುವಂತೆ ಫೋಟೊ ತೆಗೆಯಿರಿ. ಬೆಳಿಗ್ಗೆ 10ರ ಸುಮಾರಿಗೆ, ನೇರ ಬಿಸಿಲು ಬೀಳದ ಉತ್ತರ ದಿಕ್ಕಿನ ಬಾಗಿಲಲ್ಲಿ, ಒಳಗಿನ ಟ್ಯೂಬ್‌ಲೈಟ್ ಆರಿಸಿ ತೆಗೆದ ಫೋಟೊಗೂ ರಾತ್ರಿ ಎಲ್‌ಇಡಿ ಬೆಳಕಿನಲ್ಲಿ ತೆಗೆದದ್ದಕ್ಕೂ ಎಷ್ಟು ವ್ಯತ್ಯಾಸವೆಂದು ಒಂದೇ ಥಾನಿನ ಮೇಲೆ ಪ್ರಯೋಗಿಸಿ ನೋಡಿ. ಪಾರ್ಟಿಯವರೂ ತಮ್ಮ ಪರದೆಯಲ್ಲಿ ಆ ಹಾಳೆ ಬೆಳ್ಳಗೆ ಕಾಣುತ್ತಿದೆಯೇ ಎಂದು ಮೊದಲು ನೋಡಿ, ಆಮೇಲೆ ಬಟ್ಟೆ ನೋಡಲಿ. ಹಾಳೆ ಹಳದಿಯಾಗಿ ಕಂಡರೆ ದೋಷ ಅವರ ಪರದೆಯದು ಅಥವಾ ಬೆಳಕಿನದು. ಕೆಲವು ಬಣ್ಣಗಳು ಟ್ಯೂಬ್‌ಲೈಟಿನಲ್ಲಿ ಒಂದಕ್ಕೊಂದು ಹೊಂದಿ, ಬಿಸಿಲಿಗೆ ಬಂದೊಡನೆ ಬೇರೆಯಾಗುವುದೂ ಉಂಟು. ಹೊಲಿಗೆ ದಾರ ಮತ್ತು ಬಟ್ಟೆಯಲ್ಲಿ ಇದನ್ನು ನೀವೇ ಕಂಡಿರುತ್ತೀರಿ. ದೊಡ್ಡ ಆರ್ಡರಿಗೆ ಫೋಟೊ ನಂಬದೆ ಅಂಗೈಯಗಲದ ತುಂಡನ್ನು ಕೊರಿಯರ್ ಮಾಡುವುದೇ ಸರಿ, ಎಂಥ ದುಬಾರಿ ಪರದೆಯೂ ಅದಕ್ಕೆ ಬದಲಿಯಲ್ಲ.

ಓದುವ ಹಿತಕ್ಕೆ ಬೆಳಕು, ಬಣ್ಣಗಳಷ್ಟೇ ಮುಖ್ಯವಾದದ್ದು ಅಕ್ಷರದ ಗಾತ್ರ. ಕನ್ನಡ ಓದುವ ನಾವು ಇದನ್ನು ವಿಶೇಷವಾಗಿ ಗಮನಿಸಬೇಕು. ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ ಇವುಗಳ ನಡುವಿನ ಅಂತರ ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಪ ಮತ್ತು ಷ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಗೆರೆ. ಒತ್ತಕ್ಷರಗಳಂತೂ ಮೂಲ ಅಕ್ಷರಕ್ಕಿಂತ ಚಿಕ್ಕದಾಗಿ ಸಾಲಿನ ಕೆಳಗೆ ಕೂರುತ್ತವೆ. ಇಂಗ್ಲಿಷಿಗೆ ಸಾಕಾಗುವ ಗಾತ್ರದಲ್ಲಿ ಕನ್ನಡ ಓದಲು ಕಣ್ಣು ತಿಣುಕುತ್ತದೆ, ತಿಣುಕಿದಾಗ ನಾವು ತಿಳಿಯದೆಯೇ ಬ್ರೈಟ್‌ನೆಸ್ ಏರಿಸುತ್ತೇವೆ. ಫಾಂಟ್ ಸೈಜನ್ನು ಎರಡು ಹಂತ ಮೇಲಕ್ಕೆ ಏರಿಸಿ, ವಾಟ್ಸ್‌ಆ್ಯಪ್‌ನ ಒಳಗಿನ ಫಾಂಟ್ ಸೈಜನ್ನೂ ದೊಡ್ಡದು ಮಾಡಿ. ಡಾರ್ಕ್ ಮೋಡ್ ಕುರಿತು ಕೇಳುವವರೂ ಇದ್ದಾರೆ. ಅಮೋಲೆಡ್ ಪರದೆಯಲ್ಲಿ ಕಪ್ಪು ಚುಕ್ಕೆಗಳು ಆರಿಯೇ ಇರುವುದರಿಂದ ಅದು ಬ್ಯಾಟರಿ ಉಳಿಸುತ್ತದೆ, ಕತ್ತಲಲ್ಲಿ ಕುಕ್ಕುವುದೂ ಕಡಿಮೆ. ಆದರೆ ಅಸ್ಟಿಗ್ಮ್ಯಾಟಿಸಮ್, ಅಂದರೆ ಸಿಲಿಂಡರ್ ನಂಬರು ಇರುವವರಿಗೆ ಕಪ್ಪಿನ ಮೇಲಿನ ಬಿಳಿ ಅಕ್ಷರಗಳು ಕದಡಿದಂತೆ ಕಾಣುತ್ತವೆ. ಅಂಥವರು ಬಿಳಿ ಹಿನ್ನೆಲೆಯನ್ನೇ ಇಟ್ಟುಕೊಂಡು ಬೆಳಕು ತಗ್ಗಿಸಲಿ.

ಇವೆಲ್ಲವನ್ನೂ ಸರಿಮಾಡಿದ ಮೇಲೆ ಉರಿಯಲ್ಲಿ ಒಂದು ಪಾಲು ಉಳಿದರೆ ಅದು ಕಣ್ಣು ಒಣಗುವುದರಿಂದ. ಸುಮ್ಮನೆ ಕುಳಿತಾಗ ನಿಮಿಷಕ್ಕೆ ಸುಮಾರು 15 ಬಾರಿ ರೆಪ್ಪೆ ಬಡಿಯುವ ನಾವು ಪರದೆ ನೋಡುವಾಗ 5ರಿಂದ 7 ಬಾರಿಗೆ ಇಳಿಯುತ್ತೇವೆ. ಮೇಲೆ ಫ್ಯಾನಿನ ಗಾಳಿ, ಬಳ್ಳಾರಿಯ ಒಣ ಹವೆ, ದಿನವಿಡೀ ಬಟ್ಟೆಯ ನಾರು. ಲೆಕ್ಕಕ್ಕೆ ಕೂರುವ ಮುನ್ನ ಮುಖ ತೊಳೆದು, ಫ್ಯಾನು ನೇರ ಮುಖಕ್ಕೆ ಬೀಸದಂತೆ ಕುಳಿತು, 20 ನಿಮಿಷಕ್ಕೊಮ್ಮೆ 20 ಅಡಿ ಆಚೆಗಿನ ಏನನ್ನಾದರೂ 20 ಸೆಕೆಂಡು ನೋಡಿ, ಆಗ ನಾಲ್ಕಾರು ಬಾರಿ ಪೂರ್ತಿಯಾಗಿ ಕಣ್ಣು ಮುಚ್ಚಿ ತೆರೆಯಿರಿ. ಔಷಧಿ ಅಂಗಡಿಯಲ್ಲಿ ಕೇಳಿ ಸಿಕ್ಕ ಯಾವುದೋ ಹನಿಯನ್ನು ಮಾತ್ರ ಹಾಕಿಕೊಳ್ಳಬೇಡಿ. ಸ್ಟಿರಾಯ್ಡ್ ಇರುವ ಹನಿಗಳನ್ನು ವೈದ್ಯರ ಕಣ್ಗಾವಲಿಲ್ಲದೆ ಬಹಳ ದಿನ ಬಳಸಿದರೆ ಕಣ್ಣಿನ ಒತ್ತಡ ಏರಿ ನೋಟಕ್ಕೇ ಕುತ್ತು ಬರಬಹುದು. ದೀಪದ ಸುತ್ತ ಬಣ್ಣದ ಬಳೆ ಕಾಣುವುದು, ಒಂದೇ ಕಣ್ಣು ಕೆಂಪಾಗಿ ನೋಯುವುದು, ನೋಟ ಥಟ್ಟನೆ ಮಸುಕಾಗುವುದು ಇವುಗಳಲ್ಲಿ ಯಾವುದಿದ್ದರೂ ಫೋನಿನ ಸೆಟ್ಟಿಂಗ್ ಬದಲಿಸುತ್ತ ಕೂರದೆ ಅಂದೇ ನೇತ್ರ ವೈದ್ಯರ ಬಳಿಗೆ ಹೋಗಬೇಕು.

ನಿಮ್ಮ ವಯಸ್ಸಿನ ಬಗ್ಗೆ ಕೊನೆಗೆ ಹೇಳಬೇಕಾದದ್ದಿದೆ, ಹಣೆ ಭಾರಕ್ಕೆ ಮುಖ್ಯ ಕಾರಣ ಅದೇ ಇರಬಹುದೆಂದು ನನ್ನ ಅನುಮಾನ. ಫೋನನ್ನು 30 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಕಣ್ಣಿನ ಮಸೂರ ಸುಮಾರು 3.3 ಡಯಾಪ್ಟರ್‌ನಷ್ಟು (ಮಸೂರದ ಬಲದ ಮಾನ) ಬಲ ಹಾಕಬೇಕು, 40 ಸೆಂಟಿಮೀಟರಿಗೆ 2.5 ಸಾಕು. 44ರ ವಯಸ್ಸಿನಲ್ಲಿ ಕಣ್ಣಿಗೆ ಉಳಿದಿರುವ ಒಟ್ಟು ಬಲವೇ ಸರಾಸರಿ 5ರ ಆಸುಪಾಸು. ಅದರಲ್ಲಿ ಅರ್ಧವನ್ನಷ್ಟೇ ದಣಿಯದೆ ಹೊತ್ತುಗಟ್ಟಲೆ ಬಳಸಬಹುದು. ಹತ್ತಿರ ಹಿಡಿದಷ್ಟೂ ನೀವು ಇಲ್ಲದ ಬಲವನ್ನು ಸಾಲ ತೆಗೆಯುತ್ತಿದ್ದೀರಿ. ದೂರ ಹಿಡಿದರೆ ಹಗುರ ಎನಿಸಿ, ಅಕ್ಷರ ಮಾತ್ರ ಚಿಕ್ಕದೆನಿಸಿದರೆ ಚಾಳೀಸು ಆರಂಭವಾಗಿದೆಯೆಂದೇ ತಿಳಿಯಿರಿ. ಬ್ಲೂ ಕಟ್ ಗಾಜಿಗೆ ಮೀಸಲಿಟ್ಟ ಹಣದಲ್ಲಿ ಸರಿಯಾಗಿ ಕಣ್ಣು ಪರೀಕ್ಷೆ ಮಾಡಿಸಿ. ಹೋಗುವಾಗ ನಿಮ್ಮ ಫೋನನ್ನೂ ಒಂದು ತುಂಡು ಡೆನಿಮ್ಮನ್ನೂ ಜೊತೆಗೆ ಒಯ್ಯಿರಿ. ಫೋನು ಹಿಡಿಯುವ ದೂರ, ಹೊಲಿಗೆಯ ಯಂತ್ರದ ಸೂಜಿ ನೋಡುವ ದೂರ ಎರಡನ್ನೂ ತೋರಿಸಿ, ಟೇಪಿನಲ್ಲಿ ಅಳೆಯಿಸಿ, ಆ ಅಳತೆಗೆ ತಕ್ಕ ನಂಬರನ್ನು ಬರೆಸಿಕೊಳ್ಳಿ.